ಹದಿನಾರನೆಯವಳ ಟಿಕೆಟ್ಟು

ನಮ್ಮ ದೊಡ್ಡಮ್ಮನಿಗೆ ಮನೆಮಂದಿ ಬೆನ್ನ ಹಿಂದೆ ಇಟ್ಟ ಹೆಸರು ಕತ್ತರಿ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಪಾರ್ಲರ್. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ತಲೆ ತೊಳೆಯುವ ಬೇಸಿನ್ನು, ಮೂಲೆಯಲ್ಲಿ ಗುಡಿಸಿಟ್ಟ ಕೂದಲ ಗುಪ್ಪೆ. ಅಲ್ಲಿ ಕೂತವರ ತಲೆ ಹಗುರವಾಗುತ್ತಿತ್ತು, ಕೂರದವರ ಮಾನ ಹರಾಜಾಗುತ್ತಿತ್ತು. ನಮ್ಮ ಸೋದರಮಾವನಿಗೆ ಮೊದಲು ಗೊತ್ತಾಗಿದ್ದ ಸಂಬಂಧ ಮುರಿದದ್ದು ಅವಳ ಒಂದೇ ಮಾತಿನಿಂದ. "ಹುಡುಗ ಒಳ್ಳೆಯವ್ನೇ, ಈಗ ಎಷ್ಟೋ ಕಮ್ಮಿ ಮಾಡಿದ್ದಾನೆ" ಅಂದಿದ್ದಳಂತೆ. ಏನನ್ನು ಕಮ್ಮಿ ಮಾಡಿದ್ದಾನೆ ಎಂದೂ ಕೇಳದೆ ಹೆಣ್ಣಿನ ಕಡೆಯವರು ಎದ್ದು ಹೋದರು. ಅವನು ಕಮ್ಮಿ ಮಾಡಿದ್ದು ಸಕ್ಕರೆ.

ಅವಳ ಇನ್ನೊಂದು ಗುಣ ಚೌಕಾಸಿ. ಹೇಳಿದ ಬೆಲೆಗೆ ಅವಳು ಏನನ್ನೂ ಕೊಂಡವಳಲ್ಲ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ, "ಎರಡು ಕೀಳಿಸ್ತೀನಿ, ಮೂರನೇದಕ್ಕೆ ಏನು ಬಿಡ್ತೀರಿ?" ಎಂದು ಕೇಳಿದವಳು. ಮೂರನೆಯ ಹಲ್ಲು ಗಟ್ಟಿಯಾಗಿಯೇ ಇತ್ತು.

ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ನಿಂತೇ ಕೆಲಸ ಮಾಡಿ ಕಾಲು ಊದಿಸಿಕೊಂಡು ಬರುವ ಅವಳಿಗೆ ಇದ್ದದ್ದು ಒಂದೇ ಆಸೆ. ಹಡಗು ಹತ್ತಬೇಕು. "ಒಂದು ವಾರ ಕೂತಲ್ಲಿಗೆ ತಿಂಡಿ ಬರ್ಬೇಕು, ನಾನು ಹಾಸದ ಹಾಸಿಗೇಲಿ ಮಲಗ್ಬೇಕು, ಸುತ್ತ ನೀರಿರ್ಬೇಕು" ಅನ್ನುತ್ತಿದ್ದಳು. ಇದನ್ನು ಹೇಳುವಾಗ ಮಾತ್ರ ಅವಳ ದನಿಯಲ್ಲಿ ಕುಹಕ ಇರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಪ್ರವಾಸದ ಟಿಕೆಟ್ ಮಾರುವ ಏಜೆಂಟಮ್ಮ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಳು. ಬಣ್ಣ ಮೆತ್ತಿದ ತಲೆ ಹೊತ್ತುಕೊಂಡು ಓಡಿಹೋಗುವಂತಿಲ್ಲವಲ್ಲ, ದೊಡ್ಡಮ್ಮ ಹಿಡಿದುಕೊಂಡಳು.

"ಹಡಗಿನ ಕ್ರೂಸಿಗೆ ಎಲ್ಲಕ್ಕಿಂತ ಕಮ್ಮಿ ರೇಟು ಯಾವಾಗ?"

"ವರ್ಷ ಮುಂಚೇನೇ ಬುಕ್ ಮಾಡಿ. ಹಡಗು ತುಂಬ್ತಾ ಹೋದ ಹಾಗೆ ರೇಟು ಏರತ್ತೆ."

"ಅದಕ್ಕಿಂತ ಕಮ್ಮಿ?"

"ಗುಂಪು ಕಟ್ಕೊಂಡು ಬಂದ್ರೆ."

"ಅದಕ್ಕಿಂತ?"

ಏಜೆಂಟಮ್ಮನಿಗೆ ನೆತ್ತಿ ಉರಿಯತೊಡಗಿತ್ತು. "ಇಬ್ಬಿಬ್ರಂತೆ ಎಂಟು ಕ್ಯಾಬಿನ್ ತುಂಬ್ಸಿ, ತಾಯಿ. ಹದಿನೈದು ಜನ ದುಡ್ಡು ಕೊಟ್ರೆ ಹದಿನಾರನೆಯವರಿಗೆ ಫ್ರೀ. ಈಗ ತಲೆ ತೊಳೀರಿ!"

ಆ ಹದಿನಾರನೆಯವಳು ಯಾರೆಂದು ದೊಡ್ಡಮ್ಮ ಅಲ್ಲೇ ತೀರ್ಮಾನಿಸಿದಳು. ಷರತ್ತು ಒಂದೇ. ಪೂರ್ತಿ ಹಣ ಕಟ್ಟುವ ಕೊನೆಯ ದಿನದವರೆಗೆ ಹದಿನೈದು ಜನರಲ್ಲಿ ಒಬ್ಬರೂ ಜಾರುವಂತಿಲ್ಲ. ಒಬ್ಬರು ಜಾರಿದರೂ ಅವಳ ಹಡಗು ಮುಳುಗಿದ ಹಾಗೆ.

ನೆಂಟರನ್ನೆಲ್ಲ ಫೋನಿನಲ್ಲೇ ಬೆನ್ನುಹತ್ತಿ ಒಪ್ಪಿಸಿದಳು. ನನ್ನ ಅಪ್ಪ ಅಮ್ಮ, ನಾನು ಮತ್ತು ನನ್ನ ಗಂಡ, ಸೋದರಮಾವ ಮತ್ತು ಅವನ ಹೆಂಡತಿ ನಮ್ಮ ಅತ್ತೆ, ಹೀಗೆ ಎಲ್ಲರೂ ಜೋಡಿ ಜೋಡಿ. ಹದಿನೈದನೆಯವಳು ಚಿಕ್ಕಮ್ಮ, ಅಕ್ಕತಂಗಿಯರು ಮೂವರಲ್ಲಿ ಕೊನೆಯವಳು, ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಮದುವೆಯಾಗಿಲ್ಲ. ಅವಳ ಕೂದಲು ಯಾವಾಗಲೂ ಒಂದೆಳೆ ಆಚೀಚೆಯಾಗದೆ ಕೂತಿರುತ್ತದೆ. ಯಾಕೆಂದರೆ ಅದು ವಿಗ್. ಕಾಯಿಲೆಯಲ್ಲಿ ಉದುರಿದ ಕೂದಲು ಮತ್ತೆ ಬರಲಿಲ್ಲ. ವಿಗ್ ಆರಿಸಿ, ಅಳತೆಗೆ ಕತ್ತರಿಸಿ ಕೊಟ್ಟವಳು ದೊಡ್ಡಮ್ಮನೇ. ಅದೇ ವಾರ ಪಾರ್ಲರಿನಲ್ಲಿ ಸುದ್ದಿ ಹಂಚಿದವಳೂ ಅವಳೇ. ಬ್ಯಾಂಕಿನಲ್ಲಿ ಗ್ರಾಹಕರು ಚಿಕ್ಕಮ್ಮನ ಮುಖ ಬಿಟ್ಟು ಹಣೆಯ ಮೇಲುಗಡೆಯೇ ನೋಡತೊಡಗಿದರು. ಅಂದಿನಿಂದ ಅಕ್ಕನ ಜೊತೆ ಅವಳ ಮಾತು ಎಷ್ಟು ಬೇಕೋ ಅಷ್ಟೇ. ಕ್ರೂಸಿಗೆ ಒಪ್ಪಿದ್ದೂ ನನ್ನ ಅಮ್ಮನ ಬಲವಂತಕ್ಕೆ.

ಹದಿನೈದು ಜನರನ್ನು ಒಂದು ವರ್ಷ ಜಗಳವಿಲ್ಲದೆ ಕಾಯಬೇಕು, ಅದೂ ಜಗಳ ಹಚ್ಚುವುದನ್ನೇ ಉಪಕಸುಬು ಮಾಡಿಕೊಂಡವಳು! ದೊಡ್ಡಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಸುದ್ದಿ ಕಿವಿಗೆ ಬೀಳುತ್ತಿತ್ತು, ಅಲ್ಲೇ ಕೊಳೆಯುತ್ತಿತ್ತು. ಒಮ್ಮೆ ಅತ್ತೆ ಕೆಂಡದಂತೆ ಪಾರ್ಲರಿಗೆ ಬಂದು, ಮಾವನನ್ನು ಬಿಟ್ಟೇ ಬಿಡುತ್ತೇನೆ ಎಂದು ಕುರ್ಚಿಯಲ್ಲಿ ಕೂತಳು. ಹಿಂದಾಗಿದ್ದರೆ ದೊಡ್ಡಮ್ಮ ಬೆಂಕಿಗೆ ತುಪ್ಪ ಸುರಿಯುತ್ತಿದ್ದಳು. ಈಗ ಮೆಲ್ಲಗೆ ತಲೆಗೆ ಎಣ್ಣೆ ತಿಕ್ಕುತ್ತಾ, "ಹಡಗಿಂದ ಇಳಿದ್ಮೇಲೆ ಬಿಡು ಪುಟ್ಟಾ. ಈಗ ಬಿಟ್ರೆ ಮುಂಗಡನೂ ವಾಪಸ್ ಬರಲ್ಲ" ಅಂದಳು. ಅತ್ತೆ ನಕ್ಕುಬಿಟ್ಟಳು. ಮಾವ ಬಚಾವಾದ.

ಸುದ್ದಿಯಿಲ್ಲದ ಪಾರ್ಲರಿಗೆ ಗಿರಾಕಿ ಕಮ್ಮಿಯಾಯಿತು. ದೊಡ್ಡಮ್ಮ ಹಲ್ಲು ಕಚ್ಚಿ ಸಹಿಸಿದಳು. ಅಷ್ಟರಲ್ಲಿ ಕ್ರೂಸಿನ ರೇಟು ಏರುತ್ತಾ ಹೋಯಿತು. ಏರಿದಾಗಲೆಲ್ಲ ನಮಗೆ ಫೋನು ಬರುತ್ತಿತ್ತು: "ನೋಡಿದ್ರಾ? ನಾನು ಹೇಳ್ದೆ ಇದ್ದಿದ್ರೆ ನೀವೆಲ್ಲ ಇವತ್ತಿನ ರೇಟಿಗೆ ತಲೆ ಬೋಳಿಸ್ಕೋತಿದ್ರಿ. ಆಮೇಲೆ ಕೇಳಿ, ಒಂದೇ ರೂಮಲ್ಲಿ ಮೂರನೇ ಹಾಸಿಗೆ ಹಾಕ್ಸಿದ್ರೆ ಅದಕ್ಕೆ ಅರ್ಧ ರೇಟಂತೆ!" ಅವಳು ಕಲಿತದ್ದನ್ನೆಲ್ಲ ನಮಗೂ ಕಲಿಸಿದಳು.

ಹಣ ಕಟ್ಟುವ ಕೊನೆಯ ದಿನ ಎಲ್ಲರೂ ಏಜೆಂಟಮ್ಮನ ಪುಟ್ಟ ಆಫೀಸಿನಲ್ಲಿ ತುಂಬಿಕೊಂಡೆವು. ಹದಿನಾರಕ್ಕೆ ಹದಿನಾರೂ ಹಾಜರು. ದೊಡ್ಡಮ್ಮನ ಮುಖ ಅರಳಿತ್ತು.

"ಯಾರ ಜೊತೆ ಯಾರು?" ಎಂದಳು ಏಜೆಂಟಮ್ಮ. ಜೋಡಿಗಳೆಲ್ಲ ಹೇಳಿ ಮುಗಿಸಿದರು. ಉಳಿದವರು ಇಬ್ಬರೇ.

ಚಿಕ್ಕಮ್ಮ ಕೈಚೀಲ ಮುಚ್ಚಿ ಹೇಳಿದಳು: "ನಾನು ಚಿಕ್ಕಕ್ಕನ ರೂಮಲ್ಲಿ ಮೂರನೇ ಹಾಸಿಗೇಲಿ ಇರ್ತೀನಿ. ಅದಕ್ಕೆ ಅರ್ಧ ರೇಟಂತಲ್ಲ."

ನನ್ನ ಅಮ್ಮ ನೆಲ ನೋಡಿದಳು. ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

"ಯಾಕೆ?" ಎಂದಳು ದೊಡ್ಡಮ್ಮ. "ನಾನೇನು ಕಚ್ತೀನಾ?"

"ಮಲಗುವಾಗ ನಾನು ಇದನ್ನ ತೆಗೆದಿಡ್ತೀನಿ ದೊಡ್ಡಕ್ಕ. ನಿನ್ನೆದುರು ತೆಗೆಯೋಕೆ ನನಗಾಗಲ್ಲ. ಬೆಳಿಗ್ಗೆ ಹಡಗಿಗೆಲ್ಲ ಗೊತ್ತಾಗಿರತ್ತೆ."

"ವರ್ಷದಿಂದ ಒಂದೇ ಒಂದು ಮಾತು ಆಡಿದೀನಾ ಯಾರ ಬಗ್ಗೆನಾದ್ರೂ?"

"ಆಡಿಲ್ಲ. ಟಿಕೆಟ್ಟಿಗೋಸ್ಕರ. ಟಿಕೆಟ್ಟು ಕೈಗೆ ಬಂದ್ಮೇಲೆ?"

ಮಾವ ಚಾವಣಿಯ ಫ್ಯಾನು ನೋಡಿದ, ನನ್ನ ಗಂಡ ನನ್ನನ್ನು ನೋಡಿದ, ನಾನು ಗೋಡೆಯ ಮೇಲಿದ್ದ ಹಡಗಿನ ಚಿತ್ರ ನೋಡಿದೆ. ಏಜೆಂಟಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಜನ ಹದಿನಾರು ಆದ್ರು. ನಿಮ್ಮ ಟಿಕೆಟ್ ಫ್ರೀನೇ. ಆದ್ರೆ ನಿಮ್ಮ ರೂಮಲ್ಲಿ ಖಾಲಿ ಉಳಿಯೋ ಹಾಸಿಗೆಗೆ ಪೂರ್ತಿ ದುಡ್ಡು ಕಟ್ಬೇಕಾಗತ್ತೆ" ಎಂದಳು.

ಈಗ ಚೌಕಾಸಿ ಶುರುವಾಗುತ್ತದೆ ಎಂದು ನಾವೆಲ್ಲ ಕಾದೆವು. ದೊಡ್ಡಮ್ಮ ಎಷ್ಟು ಎಂದೂ ಕೇಳದೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

ಹಡಗಿನಲ್ಲಿ ಮೊದಲ ಬೆಳಿಗ್ಗೆ ಅವಳ ಕ್ಯಾಬಿನ್ನಿಗೆ ಹೋದರೆ ಎರಡೂ ಹಾಸಿಗೆ ಸುಕ್ಕುಗಟ್ಟಿದ್ದವು.

"ಎರಡಕ್ಕೂ ದುಡ್ಡು ಕೊಟ್ಟಿದೀನಿ ಕಣೇ. ಅರ್ಧ ರಾತ್ರಿ ಇಲ್ಲಿ, ಅರ್ಧ ರಾತ್ರಿ ಅಲ್ಲಿ" ಎಂದಳು. ಎರಡನೆಯ ಸೋಪು, ಎರಡನೆಯ ಜೊತೆ ಚಪ್ಪಲಿ ಆಗಲೇ ಅವಳ ಚೀಲ ಸೇರಿದ್ದವು. ಕೂತಲ್ಲಿಗೆ ತಿಂಡಿಯೂ ಬಂತು. ಜೊತೆಗೆ ಕೂತು ತಿನ್ನುವವರು ಯಾರೂ ಇರಲಿಲ್ಲವಾದ್ದರಿಂದ ಅವಳು ಬೇಗ ಬೇಗ ತಿಂದು ಮುಗಿಸಿದಳು. ನಾನು ಇನ್ನೊಂದು ಹಾಸಿಗೆಯ ಮೇಲೆ ಕೂತು ಅವಳು ತಿನ್ನುವುದನ್ನು ನೋಡಿದೆ.

ಆಮೇಲೆ ಇಬ್ಬರೂ ಮೇಲಿನ ಡೆಕ್ಕಿಗೆ ಹೋದೆವು. ಗಾಳಿ ಜೋರಿತ್ತು. ದೂರದ ಕುರ್ಚಿಯಲ್ಲಿ ಚಿಕ್ಕಮ್ಮ ಸಮುದ್ರ ನೋಡುವುದು ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು. ದೊಡ್ಡಮ್ಮನ ಬೆರಳುಗಳು ಚಡಪಡಿಸತೊಡಗಿದ್ದು ನನಗೆ ಕಂಡಿತು. ಅವಳು ತನ್ನ ತುರುಬಿನಿಂದ ನಾಲ್ಕು ಪಿನ್ನು ಕಿತ್ತು ನನ್ನ ಕೈಗಿಟ್ಟಳು.

"ಕಿವಿ ಹಿಂದೆ ಎರಡೆರಡು, ಅಡ್ಡಡ್ಡ ಹಾಕ್ಕೊಳ್ಳೋಕೆ ಹೇಳು. ನಾನು ಕೊಟ್ಟೆ ಅನ್ಬೇಡ."

ನಾನು ಕೊಟ್ಟು ಹಿಂತಿರುಗುವಷ್ಟರಲ್ಲಿ ದೊಡ್ಡಮ್ಮ ಅಲ್ಲಿರಲಿಲ್ಲ. ಕೆಳಗೆ, ಮುಂದಿನ ವರ್ಷದ ಕ್ರೂಸನ್ನು ಹಡಗಿನಲ್ಲೇ ಬುಕ್ ಮಾಡಿದರೆ ಇನ್ನೂ ಕಮ್ಮಿ ಎಂದು ಬೋರ್ಡು ಹಾಕಿದ್ದ ಕೌಂಟರಿನಲ್ಲಿ ಸಿಕ್ಕಳು. ಸಡಿಲವಾದ ತುರುಬು ಹೆಗಲ ಮೇಲೆ ಬಿದ್ದಿತ್ತು.

"ಇಬ್ಬರಿಗೆ, ಒಂದೇ ಕ್ಯಾಬಿನ್" ಎನ್ನುತ್ತಿದ್ದಳು.

"ನಿಮ್ಮ ಜೊತೆ ಇರೋರ ಹೆಸರು?" ಎಂದ ಕೌಂಟರಿನ ಹುಡುಗ.

"ಅದನ್ನ ಖಾಲಿ ಬಿಡಿ. ಹೆಸರು ಕೊಡೋಕೆ ಎಷ್ಟು ಟೈಮಿದೆ?"

"ಹತ್ತು ತಿಂಗಳಿದೆ ಮೇಡಂ."

ದೊಡ್ಡಮ್ಮ ರೇಟಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗಿದಳು.

"ಹತ್ತು ಸಾಕಾಗಲ್ಲಪ್ಪ. ಇನ್ನೊಂದೆರಡು ತಿಂಗಳು ಜಾಸ್ತಿ ಮಾಡಿ ಕೊಡಿ."