ಮಖ್ಖಿಯ ಆಚೆ ನಿಂತವನು

ಮೊನ್ನೆ ಬೀದರದ ಕಾಲೇಜಿನಿಂದ ಬಂದ ಮೊಮ್ಮಗಳು ಎನ್.ಸಿ.ಸಿ. ಬೂಟು ಬಿಚ್ಚುತ್ತ, "ಅಜ್ಜಿ, ಇವತ್ತ ನಮಗ ಬಂದೂಕಿನ ಶಿಸ್ತ ಹಿಡಿಯೋದು ಕಲಿಸಿದ್ರು. ಶಿಸ್ತ ಅಂದ್ರ ಏನಂತ ನಿನಗ ಗೊತ್ತದೇನು?" ಎಂದಳು. ನನಗೆ ಕೇಳುತ್ತಾಳೆ ನೋಡಿ! "ಸುಮ್ಮ ಕೈಕಾಲ ತೊಳಕೋ ಹೋಗವ್ವ" ಎಂದು ಗದರಿ ಕಳಿಸಿದೆ. ಆದರೆ ಆ ಒಂದು ಮಾತು ನನ್ನನ್ನು ಅಲ್ಲೇ ಕೂರಿಸಿಬಿಟ್ಟಿತು. ಕೈಯಲ್ಲಿದ್ದ ಚಹಾ ಆರಿಹೋಯಿತು.

ಶಿಸ್ತ ಅಂದರೆ ಗುರಿ ಅಲ್ಲ. ಗುರಿ ಎಲ್ಲೋ ದೂರ, ಹೊಲದಲ್ಲೋ ಹಾದಿಯಲ್ಲೋ ಇರುತ್ತದೆ. ಬಂದೂಕಿನ ಹಿಂಬದಿಗೆ, ಕಣ್ಣಿನ ಹತ್ತಿರ ಒಂದು ಸಣ್ಣ ಸೀಳು ಇರುತ್ತದೆ, ಅದಕ್ಕೆ ದೀದಬಾನ್ ಎನ್ನುತ್ತಿದ್ದರು. ನಳಿಗೆಯ ತುದಿಗೆ ಜೋಳದ ಕಾಳಿನಷ್ಟು ಹಿತ್ತಾಳೆಯ ಗುಬುಟು, ಅದು ಮಖ್ಖಿ, ಅಂದರೆ ನೊಣ. ಸೀಳಿನ ನಟ್ಟನಡುವೆ ನೊಣ ಕೂತು, ನೊಣದ ತಲೆಯ ಮೇಲೆ ಗುರಿ ಕೂತರೆ ಶಿಸ್ತ ಕೂತಿತು ಎಂದು ಲೆಕ್ಕ. ಇದನ್ನು ನನಗೆ ಕಲಿಸಿದ್ದು ಯಾವ ಸಿಪಾಯಿಯೂ ಅಲ್ಲ, ನನ್ನ ಅತ್ತೆ.

ಕಮಠಾಣದಲ್ಲಿ ನಮ್ಮದು ಊರ ಅಂಚಿನ ಕೊನೆಯ ಮನೆ. ಮಾವನವರೂ ನನ್ನ ಗಂಡನೂ ಕುರಿಗಳ ಹಿಂದೆ ಅಡವಿ ಸೇರಿದರೆ ಮನೆಯಲ್ಲಿ ನಾವಿಬ್ಬರು ಹೆಂಗಸರೇ. ಹಟ್ಟಿಗೆ ತೋಳ ಬಂದರೆ ಅತ್ತೆ ಯಾರಿಗೂ ಕಾಯುವವಳಲ್ಲ, ತಾನೇ ಬಂದೂಕು ಎತ್ತುವವಳು. ಬಾಯಿಯೂ ಬಂದೂಕೇ, ಬಿಡಿ. "ತೋಳ ನೋಡಬ್ಯಾಡ, ಹುಚ್ಚಿ. ಮಖ್ಖಿ ನೋಡು. ಮಖ್ಖಿ ಚಂದ ಕಾಣಬೇಕು, ತೋಳ ಮಸಕ ಆಗಬೇಕು. ತೋಳ ಚಂದ ಕಂಡ್ರ ಶಿಸ್ತ ಕೆಟ್ಟಂಗ," ಎನ್ನುತ್ತಿದ್ದಳು. ಕಣ್ಣು ಒಂದು ಸಲಕ್ಕೆ ಒಂದನ್ನೇ ಹಿಡಿಯುತ್ತದಂತೆ. ನನಗದು ಆಗ ಬರೀ ಮಾತಾಗಿತ್ತು.

ಪೊಲೀಸ್ ಆಕ್ಷನ್ ಆಗುವುದಕ್ಕೆ ಮುಂಚಿನ ಶ್ರಾವಣ ಅದು. ಸುತ್ತಲಿನ ಹಳ್ಳಿಗಳಿಗೆ ನವಾಬನ ಕಡೆಯ ಲೂಟಿಯ ದಂಡು ನುಗ್ಗುತ್ತದೆ, ಮನೆಗೆ ಬೆಂಕಿ ಇಡುತ್ತದೆ ಎಂದು ದಿನಕ್ಕೊಂದು ಸುದ್ದಿ. ಅಂಥ ಹೊತ್ತಿನಲ್ಲಿ ತವರು ಭಾಲ್ಕಿಯಿಂದ ನನ್ನನ್ನು ನಾಗರಪಂಚಮಿಗೆ ಕರೆಯಲು ಅಣ್ಣ ಬರುತ್ತಾನೆಂಬ ಆಸೆಯನ್ನೇ ಬಿಟ್ಟಿದ್ದೆ. ಮದುವೆಯಾದ ಮೊದಲನೆಯ ಪಂಚಮಿ! ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಕೆಲಸ ಮಾಡುತ್ತಿದ್ದೆ. ಅತ್ತೆ ಮಾತ್ರ ಬಂದೂಕು ಹಿಡಿದು ಮಾಳಿಗೆ ಮೇಲೆ ಕಾವಲು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅವಳಿಗೆ ನೀರು ಕೊಡಲು ನಾನು ಮೇಲೆ ಹತ್ತಿದ್ದೆ. ಹಾದಿಯಲ್ಲಿ ಒಬ್ಬನೇ ಗಂಡಸು ಬರುತ್ತಿದ್ದ. ಕರಿ ಶೇರವಾನಿ, ತಲೆಗೆ ಕೆಂಪು ರೂಮಿ ಟೋಪಿ, ಬಗಲಲ್ಲಿ ಉದ್ದನೆಯ ಗಂಟು. ಅತ್ತೆ ಬಂದೂಕನ್ನು ಭುಜಕ್ಕೆ ಒತ್ತಿದಳು.

"ಬಂದ್ರವ್ವ. ಇಂವಾ ಮುಂದಿನಾಂವ. ಹಿಂದ ದಂಡು ಇರ್ತದ. ನೀ ಕೆಳಗ ಕುಂಡ್ರು."

ಕೂತೆ. ಮಾಳಿಗೆಯ ಮೋಟು ಗೋಡೆಯ ಮೇಲಿಂದ ಕಣ್ಣಷ್ಟೇ ಇಟ್ಟು ನೋಡಿದೆ. ನಮ್ಮ ಮನೆಯ ಎದುರಿಗೇ ಊರ ಎಲ್ಲೆಯ ಲಕ್ಷ್ಮಿ ಕಟ್ಟೆ. ಆ ಮನುಷ್ಯ ಕಟ್ಟೆಯ ಹತ್ತಿರ ನಿಂತ, ಗಂಟು ಕೆಳಗಿಟ್ಟ, ಮೊಣಕಾಲೂರಿದ.

"ಕುಂತಾ ನೋಡು ಭಾಡ್ಯಾ! ಶಿಸ್ತ ಹಿಡೀಲಾಕತ್ತಾನ ನಮ್ಮ ಮ್ಯಾಲ," ಎಂದು ಅತ್ತೆ ಉಸಿರು ಬಿಗಿಹಿಡಿದಳು.

ನನ್ನ ಕಣ್ಣಿಗೆ ಮಖ್ಖಿ ಅಡ್ಡ ಇರಲಿಲ್ಲ. ಅವನು ಚಪ್ಪಲಿ ಬಿಚ್ಚಿ ಬದಿಗಿಟ್ಟಿದ್ದ. ಟೋಪಿ ತೆಗೆದು ಕಲ್ಲಿಗೆ ಹಣೆ ಹಚ್ಚಿ, ಅಲ್ಲಿದ್ದ ಭಂಡಾರದ ಅರಿಸಿನ ಎತ್ತಿ ಹಣೆಗೆ ಬಡಿದುಕೊಂಡ. ಅಯ್ಯೋ ದೇವರೇ! ಯಾವ ಊರಿನ ಎಲ್ಲೆ ದಾಟಿದರೂ ಅಲ್ಲಿಯ ಅಮ್ಮನಿಗೆ ಹಣೆ ಹಚ್ಚದೆ ಒಳಗೆ ಕಾಲಿಡಬಾರದೆಂದು ನಮ್ಮವ್ವ ನಮಗಿಬ್ಬರಿಗೂ ಕಲಿಸಿದ್ದಳು. ವೇಷ ಹಾಕಿಕೊಂಡು ಬಂದ ಮೂರ್ಖ ಅದೊಂದನ್ನು ಬಿಟ್ಟಿರಲಿಲ್ಲ.

"ಅಣ್ಣಾ!" ಎಂದು ಕಿರುಚಿ ನಳಿಗೆಯನ್ನು ಎರಡೂ ಕೈಯಿಂದ ಮೇಲಕ್ಕೆ ದಬ್ಬಿದೆ. ಢಂ ಎಂದಿತು. ಅಂಗೈ ಸುಟ್ಟಿತು, ಕಿವಿ ಮುಚ್ಚಿತು, ಹೊಗೆಯಲ್ಲಿ ಏನೂ ಕಾಣಲಿಲ್ಲ. ಹೊಗೆ ಹರಿದಾಗ ಅಣ್ಣ ಕಟ್ಟೆಯ ಪಕ್ಕ ಬೋರಲು ಬಿದ್ದಿದ್ದ. ಗಂಟು ಬಿಚ್ಚಿ ಶೇಂಗಾ ಉಂಡಿಗಳು ಹಾದಿಯ ತುಂಬ ಉರುಳಿದ್ದವು. ನಾನು ಮೆಟ್ಟಿಲು ಇಳಿದೆನೋ ಬಿದ್ದೆನೋ ನೆನಪಿಲ್ಲ. ಅವನು ತಲೆ ಎತ್ತಿ, "ಏನವ್ವ, ಪಂಚಮಿಗಿ ಕರೀಲಾಕ ಬಂದ್ರ ಹಿಂಗ ಹೊಡೀತೀರೇನು?" ಎಂದ. ಅವನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಎಲ್ಲೂ ರಕ್ತವಿರಲಿಲ್ಲ.

ಅತ್ತೆ ರೊಟ್ಟಿ ತಟ್ಟಲು ಕೂತಳು, ತಟ್ಟಿದ್ದೆಲ್ಲ ಹರಿಯಿತು. ಕೊನೆಗೆ ಸಿಟ್ಟು ತಡೆಯಲಾರದೆ ಅಣ್ಣನ ಮೇಲೆ ಹರಿಹಾಯ್ದಳು. "ಆ ಅಂಗಿ ಯಾಕ ತೊಟ್ಟಿದ್ಯೋ ಯಪ್ಪಾ? ಯಾರದದು?"

"ಹಾದ್ಯಾಗ ಯಾರೂ ತಡೀಬಾರದಂತ ತೊಟ್ಟೇನ್ರಿ ಅತ್ತಿ. ನಮ್ಮ ಓಣಿ ದರ್ಜಿ ಚಾಚಾನದು."

ನನ್ನ ಮದುವೆಯ ಕುಪ್ಪಸ ಹೊಲಿದವರು ಅವರೇ. ಅಳತೆಗೆಂದು ಹೋದಾಗಲೆಲ್ಲ ನನ್ನ ಕೈಗೆ ಬೆಲ್ಲ ಇಡುತ್ತಿದ್ದ ಮುದುಕ.

ಅಣ್ಣ ರೊಟ್ಟಿ ಮುರಿಯುತ್ತ ನಕ್ಕ. "ಚಾಚಾ ಬಿಡವೊಲ್ಲ ಆಗಿದ್ದನ್ರಿ. ನಿನಗ ಹಾದ್ಯಾಗ ಧೋಖಾ ಅದ, ನಾ ಹೋಗಿ ಹುಡುಗಿನ ಕರ್ಕೊಂಡ ಬರ್ತೇನಿ, ನನ್ನ ಯಾರೂ ಕೇಳಂಗಿಲ್ಲ ಅಂತ ಚಪ್ಪಲಿ ಮೆಟ್ಟಿ ಹೊಂಟೇಬಿಟ್ಟಿದ್ದ. ಪಂಚಮಿಗಿ ಅಣ್ಣನೇ ಹೋಗಬೇಕು ಅಂತ ನಾನೇ ಹಟ ಹಿಡದೆ. ಹಂಗಾರ ನನ್ನ ಶೇರವಾನಿ ತೊಟ್ಕೊ ಅಂತ ಬಿಚ್ಚಿ ಕೊಟ್ಟ."

ಅತ್ತೆ ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿದ್ದರೂ ತಿರುವಲಿಲ್ಲ. ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಚಾಚಾ ಬಂದಿದ್ದರೆ ಕಟ್ಟೆಯ ಮುಂದೆ ಬಗ್ಗುತ್ತಿರಲಿಲ್ಲ. ಸೀದಾ ನಮ್ಮ ಬಾಗಿಲಿಗೇ ನಡೆದು ಬರುತ್ತಿದ್ದರು. ಆಗ ನಾನು ಅವರ ಟೋಪಿಯನ್ನಷ್ಟೇ ನೋಡಿ, ಗೋಡೆಯ ಮರೆಗೆ ಕೂತು, ಅತ್ತೆಯ ಶಿಸ್ತ ತಪ್ಪದಿರಲೆಂದು ದೇವರಿಗೆ ಬೇಡಿಕೊಳ್ಳುತ್ತಿದ್ದೆ.