ಬಟ್ಟಲಿನಲ್ಲಿ ಉಳಿಯದ ಹುರುಳಿ

ವೇಣೂರಿನ ಕಾಂತಿ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಯಾರ ಜೊತೆ ಮಾತಾಡುತ್ತಿದ್ದರೂ ಮಡಿಲಲ್ಲಿ ಎಲೆಯ ಗೆರಸೆ, ಬೆರಳಲ್ಲಿ ಅರ್ಧ ಸುತ್ತಿದ ಬೀಡಿ. ಗಂಡ ಹೋದ ಮೇಲೆ ಬೀಡಿ ಕಟ್ಟಿಯೇ ಒಬ್ಬಳೇ ಮಗಳು ವಿಜೇತಾಳನ್ನು ಓದಿಸಿ ಮದುವೆ ಮಾಡಿದ ಗಟ್ಟಿಗಿತ್ತಿ ಅವಳು. ಅವಳಿಗಿದ್ದ ಚಿಂತೆ ಒಂದೇ, ಬರಿಯದ್ದು.

ಅವಳ ಕಡೆಯವರಲ್ಲಿ ಬರಿ, ಅಂದರೆ ವಂಶದ ಹೆಸರು, ಬರುವುದು ತಾಯಿಯಿಂದ. ಗಂಡುಮಕ್ಕಳು ಎಷ್ಟಿದ್ದರೇನು? ಅವರ ಮಕ್ಕಳು ಹೆಂಡತಿಯ ಬರಿಗೆ ಸೇರುತ್ತಾರೆ. ಕಾಂತಿಯ ಕುಟುಂಬದಲ್ಲಿ ಹೆಣ್ಣು ಹುಟ್ಟುವುದೇ ಕಡಿಮೆಯಾಗಿ, ಕೊನೆಗೆ ಉಳಿದದ್ದು ತಾಯಿ ಮಗಳು ಇಬ್ಬರೇ. ವಿಜೇತಾಳಿಗೂ ಎರಡು ಗಂಡೇ ಆಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ನಾಗನ ಮುನಿಸೆಂದು ಕಂಡುಬಂತು. ನಾಗನಿಗೆ ತಂಬಿಲದ ಪೂಜೆ ಮಾಡಿಸಿದರು, ಹರಕೆ ಹೊತ್ತರು.

ಮಗಳ ಹೃದಯ ಸೋತಿದೆ, ಇನ್ನೊಂದು ಹೆರಿಗೆ ಬೇಡವೇ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ವಿಜೇತಾ ಕೇಳಲಿಲ್ಲ.

"ನಮ್ಮ ಬರಿ ನನ್ನಲ್ಲಿಗೆ ಮುಗಿಯುವುದು ಬೇಡ ಅಮ್ಮ" ಎಂದಳು.

ಬೇಡ ಮಗಳೇ ಎಂದು ಕಾಂತಿ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಏಳುವುದಾದರೂ ಹೇಗೆ, ಒಂದು ಹೆಣ್ಣು ಕೂಸಿಗಾಗಿ ಅವಳ ಜೀವವೂ ಬಾಯಿ ಬಿಡುತ್ತಿತ್ತಲ್ಲ! ಹುಟ್ಟಿದ್ದು ಗಂಡು. ಮಗು ಮನೆಗೆ ಬಂತು, ವಿಜೇತಾ ಬರಲಿಲ್ಲ.

ಅಂದಿನಿಂದ ಕಾಂತಿ ನಾಗನ ಮುನಿಸನ್ನೇ ಹಿಡಿದುಕೊಂಡು ಬದುಕಿದಳು. ಹಿರಿಯರು ಏನೋ ತಪ್ಪು ಮಾಡಿರಬೇಕು, ಅದನ್ನು ಮಗಳು ತೀರಿಸಿ ಹೋದಳು ಎಂದುಕೊಂಡರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಮೊನ್ನೆ ಮೂಡುಬಿದಿರೆಯ ಕಾಲೇಜಿನಿಂದ ರಜೆಗೆ ಬಂದ ಹಿರಿಯ ಮೊಮ್ಮಗ ಶೋಧನ್ ಅಡುಗೆಮನೆಯಿಂದ ಹೆಸರು, ಕಡಲೆ, ಅಲಸಂಡೆ, ಹುರುಳಿ ತಂದು ಒಂದು ಪುಟ್ಟ ಬಟ್ಟಲಲ್ಲಿ ಬೆರೆಸಿದ. ಕಣ್ಣು ಮುಚ್ಚಿ ಒಂದು ಕಾಳು ತೆಗೆಯುವುದು, ಡಬ್ಬಿಯಿಂದ ಅದೇ ಜಾತಿಯ ಕಾಳೊಂದನ್ನು ಪಕ್ಕದ ಖಾಲಿ ಬಟ್ಟಲಿಗೆ ಹಾಕುವುದು, ತೆಗೆದದ್ದನ್ನು ವಾಪಸು ಬಿಡುವುದು. ಆ ಬಟ್ಟಲು ತುಂಬಿದರೆ ಒಂದು ತಲೆಮಾರು. ಆಮೇಲೆ ಅದರಿಂದಲೇ ಮುಂದಿನದು. ವಂಶಗಳು ಹೇಗೆ ಅಳಿಯುತ್ತವೆ ಎಂಬ ಪಾಠವಂತೆ. ಕಾಂತಿಗೂ ತಮಾಷೆ ಅನ್ನಿಸಿತು, ತಾನೂ ಕೈ ಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ಹುರುಳಿ ಕಾಣೆಯಾಯಿತು. ಆಮೇಲೆ ಹೆಸರು ಹೋಯಿತು, ಅಲಸಂಡೆಯೂ ಹೋಯಿತು. ಕೊನೆಗೆ ಬಟ್ಟಲು ತುಂಬ ಕಡಲೆ ಮಾತ್ರ.

ಹುರುಳಿ ಏನು ತಪ್ಪು ಮಾಡಿತ್ತು ಎಂದು ಅವಳು ಕೇಳಿದಳು.

"ತಪ್ಪು ಎಂತದ್ದೂ ಇಲ್ಲ ಅಜ್ಜಿ. ಕೈಗೆ ಸಿಕ್ಕಿದ್ದು ಉಳೀತದೆ, ಸಿಗದ್ದು ಹೋಗ್ತದೆ. ಬಟ್ಟಲು ಸಣ್ಣದಾದಷ್ಟೂ ಬೇಗ ಹೋಗ್ತದೆ. ನಮ್ಮ ಬರಿಯೂ ಹಾಗೆಯೇ. ಯಾರ ಮುನಿಸೂ ಅಲ್ಲ."

ಅಜ್ಜಿಗೆ ಸಮಾಧಾನವಾಗಲಿ ಎಂದೇ ಪಾಪ ಅವನು ಹೇಳಿದ್ದು. ಕಾಂತಿಯ ಕೈ ನಿಂತುಹೋಯಿತು.

"ಯಾರ ತಪ್ಪೂ ಇರ್ಲಿಲ್ಲಾಂದ್ರೆ, ನಿನ್ನ ಅಮ್ಮ ಯಾಕೆ ಸತ್ತದ್ದು ಮಗಾ?"

ಶೋಧನ್ ಕಾಳುಗಳನ್ನು ಸರಿಸಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತ. ಅಮ್ಮ ಸತ್ತ ಮೇಲೆ ಅವನು ಅತ್ತದ್ದನ್ನು ಆ ಮನೆ ನೋಡಿದ್ದು ಅದೇ ಮೊದಲು.