ಹವಾದಕ್ಕ ಗುರುತು ಹಾಕಿದ ಗಾಲಿ

ಹೋದ ತಿಂಗಳು ಸಿಂಧನೂರಿನಲ್ಲಿ ನಮ್ಮ ಕಾರಿನ ನಾಲ್ಕೂ ಟೈರುಗಳನ್ನು ಬದಲಿಸಿದೆ. ಅಂಗಡಿಯ ತುಂಬ ಹೊಸ ರಬ್ಬರಿನ ವಾಸನೆ, ಸೋಪುನೀರಿನ ವಾಸನೆ. ಕೆಲಸ ಮುಗಿದು ಕಾರು ಚಾಲೂ ಮಾಡಿದರೆ ಸ್ಟೇರಿಂಗಿನ ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತು. ಗಾಲಿಯಲ್ಲಿ ಗಾಳಿ ಕಡಿಮೆಯಿದೆ ಎಂದು ಎಚ್ಚರಿಸುವ ದೀಪ. ಅಳೆದು ನೋಡಿದರೆ ನಾಲ್ಕರಲ್ಲೂ ಗಾಳಿ ಸರಿಯಾಗಿಯೇ ಇತ್ತು.

"ಏನಿಲ್ರಿ ಸರ್," ಎಂದ ಮೆಕ್ಯಾನಿಕ್. "ಗಾಲಿ ಒಳಗ ಸೆನ್ಸರ್ ಇರತಾವು. ಹಳೇ ಟೈರ್ ಬಿಚ್ಚುವಾಗ ಒಂದಕ್ಕ ಏಟು ಬಿದ್ದಿರಬೇಕು, ಇಲ್ಲಾ ಅದರ ಸೆಲ್ ಮುಗದಿರಬೇಕು. ಸುಳ್ಳ ಹೇಳಾಕತ್ತೈತಿ. ಹೊಸಾದು ತರಸತೀನಿ, ಅಲ್ಲೀತನಕ ಅದರ ಕಡೆ ನೋಡಾಕ ಹೋಗಬ್ಯಾಡ್ರಿ."

ನಾನು ತಲೆಯಾಡಿಸಿದೆ. ಆದರೆ ಆ ವಾಸನೆಯ ನಡುವೆ ಆ ಮಾತು ಕಿವಿಗೆ ಬಿದ್ದಾಗ ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಮೈ ತಣ್ಣಗಾಯಿತು. 'ಸುಳ್ಳ ಹೇಳಾಕತ್ತೀದಿ' ಎಂದು ಮೂವತ್ತು ವರ್ಷಗಳಿಗೂ ಹಿಂದೆ ನಾನೂ ಒಬ್ಬ ಹೆಂಗಸಿನ ಮುಖಕ್ಕೆ ಅಂದಿದ್ದೆ...

ಆಗ ನನ್ನದೊಂದು ಅಂಬಾಸಿಡರ್ ಟ್ಯಾಕ್ಸಿ ಇತ್ತು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಮತ್ತೆ ವಾಪಸ್ಸು. ಎಂಬತ್ತರ ದಶಕದ ಕೊನೆಯ ವರ್ಷಗಳು. ಮಸ್ಕಿಯಲ್ಲಿ ರಸ್ತೆಗೆ ಹತ್ತಿಕೊಂಡೇ ಒಂದು ಬೇವಿನ ಮರದ ಕೆಳಗೆ ಆ ಹೆಂಗಸಿನ ಪಂಕ್ಚರ್ ಅಂಗಡಿ. ತಗಡಿನ ಚಪ್ಪರ, ಗಾಳಿ ತುಂಬುವ ಡೀಸೆಲ್ ಇಂಜಿನ್ನು, ಟ್ಯೂಬು ಮುಳುಗಿಸಿ ತೂತು ಹುಡುಕುವ ಒಂದು ಕಲ್ಲಿನ ಬಾನಿ. ಗಂಡಸರದೇ ಆದ ಆ ಕೆಲಸವನ್ನು ಆಕೆ ಸೀರೆಯ ಕಚ್ಚೆ ಹಾಕಿಕೊಂಡು ಮಾಡುತ್ತಿದ್ದಳು. ಗಾಲಿಗೆ ಹವಾ, ಅಂದರೆ ಗಾಳಿ, ತುಂಬುವವಳೆಂದು ಡ್ರೈವರುಗಳೆಲ್ಲ ಆಕೆಯನ್ನು ಹವಾದಕ್ಕ ಎನ್ನುತ್ತಿದ್ದರು.

ಅಂಗಡಿ ಮೊದಲು ಆಕೆಯ ಗಂಡನದು. ಲಾರಿ ಗಾಲಿಯಲ್ಲಿ ಟೈರು ಜಾರದಂತೆ ಹಿಡಿಯಲು ಕಬ್ಬಿಣದ ದೊಡ್ಡ ಬಳೆಯೊಂದಿರುತ್ತದೆ, ರಿಂಗು ಎನ್ನುತ್ತೇವೆ. ಆತ ಗಾಳಿ ತುಂಬುತ್ತಿದ್ದಾಗ ಆ ರಿಂಗು ಸಿಡಿದು ಎದೆಗೆ ಬಡಿದಿತ್ತು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಉಳಿಯಲಿಲ್ಲವಂತೆ. ಹದಿನೈದು ದಿನ ಬಾಗಿಲು ಹಾಕಿದ್ದ ಅಂಗಡಿಯನ್ನು ಹದಿನಾರನೆಯ ದಿನ ಆಕೆಯೇ ತೆರೆದು ಕೂತಳಂತೆ.

ಆಕೆಗೊಂದು ಅಭ್ಯಾಸವಿತ್ತು. ಯಾವ ಗಾಡಿ ನಿಂತರೂ, ನೀರಿಗೋ ಚಹಾಕ್ಕೋ ನಿಂತಿದ್ದರೂ ಸರಿ, ಮೊಳದುದ್ದದ ಒಂದು ಕಬ್ಬಿಣದ ಸರಳು ಹಿಡಿದು ಬಂದು ಗಾಲಿಗಳನ್ನು ಒಂದೊಂದಾಗಿ ಬಡಿಯುತ್ತಿದ್ದಳು. ಬಡಿದು, ಬಗ್ಗಿ, ರಬ್ಬರಿಗೆ ಕಿವಿ ಹಚ್ಚುತ್ತಿದ್ದಳು. ಕಣ್ಣು ಮುಚ್ಚಿರುತ್ತಿದ್ದವು. ಆಮೇಲೆ "ಹೋಗ್ರಿ" ಎನ್ನುತ್ತಿದ್ದಳು, ಇಲ್ಲವೇ ಸುಣ್ಣದ ಡಬ್ಬಿಯಲ್ಲಿ ಬೆರಳು ಅದ್ದಿ ಆ ಗಾಲಿಯ ಮೇಲೊಂದು ಗೆರೆ ಎಳೆಯುತ್ತಿದ್ದಳು. ಗೆರೆ ಬಿದ್ದ ಗಾಲಿಯನ್ನು ಬಿಚ್ಚಿದರೆ ಒಳಗೆ ಮೊಳೆಯೋ, ಜಾಲಿಮುಳ್ಳೋ, ಸವೆದ ಟ್ಯೂಬೋ ಇದ್ದೇ ಇರುತ್ತಿತ್ತು.

ಒಂದು ಮಧ್ಯಾಹ್ನ ನಾವು ಮೂರು ನಾಲ್ಕು ಮಂದಿ ಆ ಮರದ ಕೆಳಗೆ ಚಹಾ ಕುಡಿಯುತ್ತ ಕೂತಿದ್ದೆವು. ಎರಡೂ ಕಡೆ ರಸ್ತೆ ಬರಿದಾಗಿತ್ತು. ಒಂದು ನಾಯಿಯೂ ಇರಲಿಲ್ಲ. ಟ್ಯೂಬು ಉಜ್ಜುತ್ತಿದ್ದ ಆಕೆ ಒಮ್ಮೆಲೇ ಕೈ ನಿಲ್ಲಿಸಿದಳು.

"ಬಿಳಿ ಗಾಡಿ ಬರಾಕತ್ತೈತಿ. ಎಡಗಡೆ ಹಿಂದಿನ ಗಾಲಿ ನರಳಾಕತ್ತೈತಿ."

ನಾವು ನಕ್ಕೆವು. ಚಹಾ ಮುಗಿಯಿತು, ಬೀಡಿ ಮುಗಿಯಿತು. ಆಮೇಲೆ ಸಂತೆಕಲ್ಲೂರಿನ ಕಡೆಯಿಂದ ಬಿಳಿ ಜೀಪೊಂದು ಕುಂಟುತ್ತ ಬಂದು ಮರದ ಕೆಳಗೆ ನಿಂತಿತು. ಎಡಗಡೆಯ ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಆಕೆ ಜಾಕ್ ತರಲು ಎದ್ದುಹೋದಳು, ಇದರಲ್ಲೇನೂ ವಿಶೇಷವಿಲ್ಲ ಎನ್ನುವ ಹಾಗೆ.

ಆ ವರ್ಷದ ಬೇಸಿಗೆಯಲ್ಲಿ ನನ್ನ ಹೆಂಡತಿಗೆ ಏಳು ತಿಂಗಳು ತುಂಬಿದ್ದವು. ಬಾಣಂತನಕ್ಕೆ ಲಿಂಗಸುಗೂರಿನ ತವರಿಗೆ ಬಿಟ್ಟುಬರಬೇಕಿತ್ತು. ಆಕೆ ಕೂರುವ ಗಾಡಿ ಎಂದು ಅವತ್ತು ಬೆಳಿಗ್ಗೆಯೇ ನಾಲ್ಕೂ ಹೊಸ ಟೈರು ಹಾಕಿಸಿದ್ದೆ. ಮೇಲಿನ ರಬ್ಬರು ಕೂದಲುಗಳು ಸಹ ಉದುರಿರಲಿಲ್ಲ. ಮಸ್ಕಿಯಲ್ಲಿ ಅವಳಿಗೆ ನೀರು ಕುಡಿಸಲು ನಿಲ್ಲಿಸಿದೆ.

ಹವಾದಕ್ಕ ಸರಳು ಹಿಡಿದು ಬಂದಳು. ಮೂರು ಗಾಲಿ ಬಡಿದು ಮುಂದೆ ಹೋದಳು. ನಾಲ್ಕನೆಯದಕ್ಕೆ ಬಡಿದವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ಎದ್ದಾಗ ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ತಮ್ಮಾ, ಇದನ್ನ ಹಾಕ್ಕೊಂಡು ಹೋಗಬ್ಯಾಡ. ಅವತ್ತು ಕೇಳಿದ ಸಪ್ಪಳನ ಐತಿ ಇದರಾಗ."

"ಯಾವತ್ತು?" ಎಂದು ನಾನು ಕೇಳಲಿಲ್ಲ. ಆಕೆಯ ಕೈಯಿಂದಲೇ ಗಾಳಿ ಅಳೆಯುವ ಗೇಜು ಕಸಿದು ಹಚ್ಚಿ ತೋರಿಸಿದೆ. ಗಾಳಿ ಎಷ್ಟಿರಬೇಕೋ ಅಷ್ಟೇ ಇತ್ತು. ಆಕೆ ನೋಡಲೂ ಇಲ್ಲ. ವಾಲ್ವಿನ ಪಿನ್ನು ತಿರುವಿ ಬಿಟ್ಟಳು. ಗಾಳಿ ಉಸ್ಸೆಂದು ಹೊರಗೆ ಬಿದ್ದು ನನ್ನ ಹೊಸ ಗಾಲಿ ನೆಲಕ್ಕೆ ಕೂತಿತು. ಸುಣ್ಣದ ಗೆರೆ ಎಳೆದು, ಬಿಚ್ಚಲು ಕೂತಳು.

ಒಂದು ತಾಸಿನ ಮೇಲಾಯಿತು. ಟ್ಯೂಬನ್ನು ಬಾನಿಯಲ್ಲಿ ಮುಳುಗಿಸಿದಳು. ಒಂದು ಗುಳ್ಳೆ ಏಳಲಿಲ್ಲ. ಟೈರಿನ ಒಳಮೈಯನ್ನು ಬೆರಳಿನಿಂದ ತಡವಿದಳು, ನಾನೂ ತಡವಿದೆ. ಮೊಳೆಯಿಲ್ಲ, ಮುಳ್ಳಿಲ್ಲ, ಸೀಳಿಲ್ಲ. ಏನೂ ಇಲ್ಲ. ತುಂಬಿದ ಹೊಟ್ಟೆಯ ಹೆಂಡತಿ ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ನನ್ನ ಪಿತ್ತ ನೆತ್ತಿಗೇರಿತು.

"ಸುಳ್ಳ ಹೇಳಾಕತ್ತೀದಿ! ಗಂಡ ಸತ್ತ ಮ್ಯಾಲ ನಿನಗ ತಲಿ ಕೆಟ್ಟೈತಿ. ಊರಿನ ಗಾಲಿಯಾಗೆಲ್ಲಾ ಅವನ್ನ ಹುಡುಕಾಕತ್ತೀದಿ."

ಅಂದ ಮೇಲೆ ನನಗೇ ನಾಚಿಕೆಯಾಯಿತು. ಆಕೆ ಟ್ಯೂಬು ಒರೆಸಿ ಟೈರಿನೊಳಗೆ ಸೇರಿಸತೊಡಗಿದಳು. ನನ್ನ ಹೆಂಡತಿ ಎದ್ದುಬಂದು, "ಆ ಗಾಲಿ ಇದ್ರ ನಾ ಗಾಡಿ ಹತ್ತಂಗಿಲ್ಲ" ಎಂದಳು. ಸ್ಟೆಪ್ನಿ ಹಾಕಿದೆ. ಆ ಗಾಲಿಗೆ ಮತ್ತೆ ಗಾಳಿ ತುಂಬಿಸಿ ಡಿಕ್ಕಿಯಲ್ಲಿಟ್ಟೆ. ದಾರಿಯುದ್ದಕ್ಕೂ ಹೆಂಡತಿ ತಿರುತಿರುಗಿ ಹಿಂದೆ ನೋಡುತ್ತಿದ್ದಳು.

"ಹಿಂದ ಯಾರೋ ಉಸುರು ಬಿಟ್ಟಂಗ ಕೇಳತೈತಿ ನೋಡ್ರಿ."

"ಗಾಳಿ," ಎಂದೆ.

ಕಿಟಕಿಯ ಗಾಜು ಏರಿಸಿ ನೋಡಿದೆ. ಆಮೇಲೂ ಕೇಳುತ್ತಿತ್ತು... ಅಥವಾ ಕೇಳುತ್ತಿತ್ತೆಂದು ಈಗ ಅನ್ನಿಸುತ್ತದೋ, ಹೇಳಲಾರೆ.

ಆ ಗಾಲಿಯನ್ನು ನಾನು ಮತ್ತೆ ಹಾಕಲಿಲ್ಲ. ಅದರಲ್ಲಿ ಏನೂ ಇಲ್ಲವೆಂದು ಕೂಗಾಡಿದವನು ನಾನೇ. ಆದರೂ ಹಾಕಲು ಕೈ ಬರಲಿಲ್ಲ. ಸಿಂಧನೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಗಾಡಿ ನಿಲ್ಲಿಸುವ ಗೆಳೆಯನೊಬ್ಬನಿದ್ದ. ಜವಳಗೇರಾದ ಹತ್ತಿರ ಅವನ ಟೈರೊಂದು ಕಲ್ಲಿಗೆ ಸೀಳಿತ್ತು. "ಒಂದು ಟೈರ್ ಇದ್ರ ಕೊಡೋ ಮಾರಾಯಾ" ಎಂದ. ಮನೆಗೆ ಹೋಗಿ ಡಿಕ್ಕಿ ತೆರೆದೆ. ಸುಣ್ಣದ ಗೆರೆ ಹಾಗೇ ಇತ್ತು. ಹಸಿ ಅರಿವೆಯಿಂದ ಉಜ್ಜಿ ಉಜ್ಜಿ ಒರೆಸಿದೆ. ಕರಿ ರಬ್ಬರು ಹೊಳೆಯಿತು, ಗೆರೆ ಕಾಣಲಿಲ್ಲ.

"ಚಲೋ ಐತಿಲ್ಲಪಾ?" ಎಂದು ಕೇಳಿದ ಅವನು.

"ಹೊಸಾದು ಐತಿ. ಒಂದ ದಿನಾನೂ ಸರಿಯಾಗಿ ಓಡಿಲ್ಲ," ಎಂದೆ.

ಅದು ಸುಳ್ಳಾಗಿರಲಿಲ್ಲ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಮುಕ್ಕುಂದದ ಕಡೆ ಯಾರನ್ನೋ ಬಿಟ್ಟು ಒಬ್ಬನೇ ಬರುತ್ತಿದ್ದಾಗ ಅವನ ಮುಂದಿನ ಟೈರು ಸಿಡಿದು ಗಾಡಿ ಕಾಲುವೆಗೆ ಬಿತ್ತು. ಸ್ಟ್ಯಾಂಡಿನವರೆಲ್ಲ ಓಡಿದೆವು. ನಾವು ಹೋಗುವಷ್ಟರಲ್ಲಿ ಊರಿನವರು ಅವನನ್ನು ಮೇಲೆತ್ತಿ ದಂಡೆಯ ಮೇಲೆ ಮಲಗಿಸಿ ಪಂಚೆ ಹೊದಿಸಿದ್ದರು. ಟ್ರ್ಯಾಕ್ಟರಿನಿಂದ ಗಾಡಿ ಎಳೆದರು. "ಹೊಸಾ ಟೈರ್ ನೋಡ್ರಿ, ಹ್ಯಾಂಗ ಸಿಡದೈತಿ" ಎಂದು ಯಾರೋ ಅಂದರು. ಗಾಲಿಯ ಮೈಯಿಂದ ನೀರು ಇಳಿಯುತ್ತಿತ್ತು. ಬಿಸಿಲಿಗೆ ರಬ್ಬರು ಆರತೊಡಗಿತು. ಆರಿದಂತೆ ಅದರ ಮೇಲೆ ತೆಳ್ಳಗೆ, ಬೆಳ್ಳಗೆ, ಒಂದು ಗೆರೆ ಮೂಡಿಬಂತು.

ಸುಣ್ಣ ಹಸಿಯಿದ್ದಾಗ ಕಾಣುವುದಿಲ್ಲ, ಒಣಗಿದರೆ ಕಾಣುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ದಂಡೆಯ ಮೇಲೆ ಕಂಡ ಗೆರೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೇರೆ ಯಾರೂ ಅದನ್ನು ಗಮನಿಸಲಿಲ್ಲ, ಸ್ಟ್ಯಾಂಡಿನವರೆಲ್ಲ ಅವನ ಸುತ್ತ ನಿಂತಿದ್ದರು.

ಮೂರನೆಯ ದಿನ ಮಸ್ಕಿಗೆ ಹೋದೆ. ಬಸ್ಸಿನಲ್ಲಿ ಹೋದೆ. ಹವಾದಕ್ಕ ನನ್ನ ಬರಿಗೈ ನೋಡಿ, ನನ್ನ ಬೆನ್ನ ಹಿಂದೆ ಗಾಡಿಯಿಲ್ಲದ ರಸ್ತೆ ನೋಡಿ, "ಆ ಗಾಲಿ ಯಾರಿಗೆ ಕೊಟ್ಟಿ?" ಎಂದಳು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಅಲ್ಲೇ ಕೂತು ಎಲ್ಲ ಹೇಳಿದೆ. ಗೆರೆ ಒರೆಸಿದ್ದನ್ನೂ ಹೇಳಿದೆ.

ಆಕೆ ಬೈಯಲಿಲ್ಲ. ಇಂಜಿನ್ನು ಬಂದ್ ಮಾಡಿ ನನ್ನ ಎದುರು ಕೂತಳು.

"ನಾನೂ ಸುಮ್ನ ನಿಂತಿದ್ದೆ, ತಮ್ಮಾ," ಎಂದಳು. "ಅವತ್ತು ಅವ ಹವಾ ಹಾಕಾಕತ್ತಿದ್ದ. ನಾ ಇಂಜಿನ್ ಹತ್ರ ನಿಂತಿದ್ದೆ. ರಿಂಗಿನಾಗ ಕಿಣ್ ಅಂತ ಸಣ್ಣ ಸಪ್ಪಳ ಬಂತು. ನನಗ ಕೇಳಿಸ್ತು. ಮುಂಜಾನೆ ನಮ್ಮಿಬ್ಬರಿಗೆ ಜಗಳಾಗಿತ್ತು, ಮಾತು ಬಿಟ್ಟಿದ್ವಿ. ಇವನ ಕೂಡ ನಾ ಯಾಕ ಮೊದಲ ಮಾತಾಡ್ಲಿ ಅಂತ ಸುಮ್ನ ನಿಂತೆ... ಎರಡನೇ ಸಲ ಸಪ್ಪಳ ಬರ್ಲಿಲ್ಲ."

ಬೇವಿನ ಎಲೆ ಅಲುಗದಂಥ ಮಧ್ಯಾಹ್ನ ಅದು. ಆಕೆ ನನ್ನನ್ನೇ ನೋಡುತ್ತಿದ್ದಳು.

"ಇನ್ನ ನಿನಗೂ ಕೇಳತೈತಿ. ಹೆದರಬ್ಯಾಡ. ಕೇಳಿದ್ದನ್ನ ಬಾಯಿಬಿಟ್ಟು ಹೇಳು, ಅಷ್ಟ."

ನಾನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಕೂಡ. ಅದೇ ವರ್ಷ ಟ್ಯಾಕ್ಸಿ ಬಿಟ್ಟು ಗೊಬ್ಬರದ ಅಂಗಡಿ ಹಾಕಿದೆ. ಮಗಳು ಹುಟ್ಟಿದಳು, ಬೆಳೆದಳು. ಗೆಳೆಯನ ಹೆಂಡತಿ ಎರಡು ಓಣಿಯಾಚೆಯೇ ಇದ್ದರು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಮಕ್ಕಳನ್ನು ಸಾಕಿದರು. ಎದುರಾದಾಗಲೆಲ್ಲ "ಆರಾಮ್ರಿ?" ಎನ್ನುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ಮಸ್ಕಿಯ ಮೇಲೆ ಹಾದುಹೋದಾಗ ಬಸ್ಸಿನ ಕಿಟಕಿಯಿಂದ ಹವಾದಕ್ಕನನ್ನು ನೋಡುತ್ತಿದ್ದೆ. ಇಳಿಯುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಲ ನೋಡಿದರೆ ಚಪ್ಪರ ಇರಲಿಲ್ಲ. ಇಳಿದು ಪಕ್ಕದ ಚಹಾದಂಗಡಿಯವರನ್ನು ಕೇಳಿದೆ. "ತೀರಿಕೊಂಡು ಭಾಳ ದಿನ ಆತಲ್ರೀ" ಎಂದರು. ನನ್ನ ತಪ್ಪು ಗೊತ್ತಿದ್ದ ಒಂದೇ ಜೀವ ಅದು. ದುಃಖದ ಜೊತೆ ಒಂದು ನಿರಾಳವೂ ಆಯಿತು. ಆ ನಿರಾಳವನ್ನು ನೆನೆದರೆ ಇವತ್ತಿಗೂ ಅಸಹ್ಯವಾಗುತ್ತದೆ.

ಹೋದ ತಿಂಗಳು ಟೈರಿನಂಗಡಿಯಿಂದ ನಾನು ಮನೆಗೆ ಹೋಗಲಿಲ್ಲ. ಗೆಳೆಯನ ಮನೆಗೆ ಹೋದೆ. ಅವನ ಹೆಂಡತಿಗೆ ಈಗ ಕಣ್ಣು ಮಂಜು. ಧ್ವನಿಯಿಂದಲೇ ಗುರುತು ಹಿಡಿದು ಚಾಪೆ ಹಾಸಿದರು.

"ಯಕ್ಕಾ, ಅವತ್ತಿನ ಟೈರಿಂದು ಒಂದು ಮಾತು ಹೇಳಬೇಕಾಗೈತಿ," ಎಂದೆ.

"ಅದು ನನಗ ಆವಾಗ ಗೊತ್ತಾಗೈತ್ರಿ," ಎಂದರು ಅವರು. "ಮಸ್ಕಿಯಾಕಿ, ಹವಾ ಹಾಕಾಕಿ, ಬಂದು ಹೇಳಿದ್ಳು. 'ಆ ಟೈರು ನಾನ ಬಡದು ನೋಡಿದ್ದೆ, ಕೆಟ್ಟದ್ದು ಅಂತ ಗೊತ್ತಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ' ಅಂದ್ಳು. ನಾ ಆಕಿನ್ನ ಹೊಸ್ತಿಲಾ ತುಳೀಬ್ಯಾಡ ಅಂತ ಬೈದು ಕಳಿಸಿದೆ. ಆದ್ರೂ ವರ್ಷಕ್ಕೊಮ್ಮೆ ಬಂದು ಆ ಕಟ್ಟಿ ಮ್ಯಾಲ ಕುಂತು ಹೋಗತಿದ್ಳು. ನಾ ಒಂದ ದಿನಾನೂ ನೀರು ಕೊಡಲಿಲ್ಲ."

ನಾನು ಚಾಪೆಯ ಮೇಲೆ ಅವರ ಹತ್ತಿರಕ್ಕೆ ಸರಿದೆ.

"ಆಕಿ ಹೇಳಿದ್ಳು, ಯಕ್ಕಾ," ಎಂದೆ. "ನನಗ ಹೇಳಿದ್ಳು. ಆ ಟೈರು ನಿಮ್ಮವರಿಗೆ ಹೇಳದ ಕೊಟ್ಟಾವ ನಾನು."

ಒಳಗೆ ಯಾರೋ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವರು ಮಂಜುಗಣ್ಣುಗಳನ್ನು ನನ್ನ ಕಡೆ ತಿರುಗಿಸಿದರು. ಬೈಯಬಹುದಿತ್ತು, ಎದ್ದುಹೋಗು ಎನ್ನಬಹುದಿತ್ತು. ಕಡೆಗೆ ಕೇಳಿದ್ದು ಇಷ್ಟೇ.

"ಆಕಿ ಅದಾಳೇನ್ರಿ ಈಗ?"

"ಇಲ್ರಿ," ಎಂದೆ.